ಹಳೇ ಮೌಸ್‌ಗೆ ಹೊಸ ಬಣ್ಣ: ಸ್ಕ್ರೂ ಬಿಚ್ಚುವುದರಿಂದ ಕ್ಲಿಯರ್ ಕೋಟ್‌ವರೆಗೆ ಸಮಗ್ರ ಮಾರ್ಗದರ್ಶಿ

ಮೌಸ್‌ಗೆ ಸ್ಪ್ರೇ ಪೇಂಟ್ ಹೊಡೆಯುವುದನ್ನು ಯಾರು ಬೇಕಾದರೂ ಒಂದು ಸಂಜೆಯಲ್ಲಿ ಕಲಿಯಬಹುದು. ಆ ಪೇಂಟ್ ಆರು ತಿಂಗಳಾದ ಮೇಲೂ ಹಾಗೇ ಇರಬೇಕು ಅಂದರೆ ಮಾತ್ರ ಸ್ವಲ್ಪ ಶಿಸ್ತು ಬೇಕು. ಕ್ಯಾಬಿನೆಟ್‌ಗೋ ಸ್ಪೀಕರ್‌ಗೋ ಬಣ್ಣ ಹೊಡೆದರೆ ಅದನ್ನು ಯಾರೂ ದಿನವಿಡೀ ಮುಟ್ಟುತ್ತಾ ಕೂರುವುದಿಲ್ಲ. ಮೌಸ್ ಹಾಗಲ್ಲ. ಬೆವರು, ಕೈಯ ಜಿಡ್ಡು, ಉಗುರು, ಕುರುಕಲು ತಿಂದು ಒರೆಸಿಕೊಂಡ ಬೆರಳು, ಎಲ್ಲವೂ ಅದರ ಮೇಲೆ ಗಂಟೆಗಟ್ಟಲೆ ಉಜ್ಜುತ್ತಲೇ ಇರುತ್ತವೆ. ಹಾಗಾಗಿ ಈ ಕೆಲಸದಲ್ಲಿ ಬಣ್ಣ ಹೊಡೆಯುವ ಸಮಯ ತೀರಾ ಕಡಿಮೆ, ಅದಕ್ಕೆ ಮುಂಚೆ ಉಜ್ಜುವುದು ಮತ್ತು ಆಮೇಲೆ ಕಾಯುವುದೇ ಜಾಸ್ತಿ. ಇವೆರಡರಲ್ಲಿ ಅವಸರ ಮಾಡದಿದ್ದರೆ ಅಂಗಡಿಯಲ್ಲಿ ದುಬಾರಿ ಬೆಲೆಗೆ ಸಿಗುವ ಸ್ಪೆಷಲ್ ಎಡಿಷನ್ ಮೌಸ್‌ನಂಥದ್ದೇ ಫಿನಿಶ್ ಮನೆಯಲ್ಲೇ ಬರುತ್ತದೆ.

ಮೌಸ್ ಆರಿಸಿಕೊಳ್ಳುವುದು

ಮೊದಲ ಸಲ ಮಾಡುವವರು ವೈರ್ ಇರುವ, ಸರಳ ಆಕಾರದ, ಹಾಳಾದರೂ ಹೊಟ್ಟೆ ಉರಿಯದಂಥ ಮೌಸ್ ತೆಗೆದುಕೊಳ್ಳಿ. ಹಳೇ ಬಿಳಿ ಮೌಸ್ ಹಳದಿ ಬಣ್ಣಕ್ಕೆ ತಿರುಗಿ ಮೂಲೆಯಲ್ಲಿ ಬಿದ್ದಿದ್ದರೆ ಅದೇ ಒಳ್ಳೆಯದು. ವಾರಂಟಿ ಇನ್ನೂ ಇರುವ ಮೌಸ್ ಬೇಡ, ಸ್ಕ್ರೂ ಬಿಚ್ಚಿದ ಮೇಲೆ ವಾರಂಟಿ ಸಿಗುವುದು ಕಷ್ಟ. ಆಫೀಸಿನವರು ಕೊಟ್ಟ ಮೌಸ್‌ಗಂತೂ ಕೈ ಹಾಕಬೇಡಿ.

ಬಹುತೇಕ ಮೌಸ್‌ಗಳ ಕವಚ ಎಬಿಎಸ್ ಅನ್ನುವ ಪ್ಲಾಸ್ಟಿಕ್. ಇದಕ್ಕೆ ಪೇಂಟ್ ಚೆನ್ನಾಗಿ ಹಿಡಿಯುತ್ತದೆ, ಅದು ನಮ್ಮ ಅದೃಷ್ಟ. ಆದರೆ ಇದೇ ಎಬಿಎಸ್‌ಗೆ ಅಸಿಟೋನ್ ಕಂಡರೆ ಆಗುವುದಿಲ್ಲ. ನೇಲ್ ಪಾಲಿಶ್ ರಿಮೂವರ್, ಹಾರ್ಡ್‌ವೇರ್ ಅಂಗಡಿಯ ಥಿನ್ನರ್, ಇವನ್ನು ಬಟ್ಟೆಗೆ ಹಾಕಿಕೊಂಡು ಒರೆಸಿದರೆ ಪ್ಲಾಸ್ಟಿಕ್ಕೇ ಕರಗಿ ಅಂಟಂಟಾಗುತ್ತದೆ. ಒಮ್ಮೆ ಹಾಗಾದರೆ ಮತ್ತೆ ಸರಿ ಮಾಡುವುದು ಬಹಳ ಕಷ್ಟ. ಆದ್ದರಿಂದ ಈ ಕೆಲಸ ಮುಗಿಯುವವರೆಗೆ ಥಿನ್ನರ್ ಬಾಟಲಿ ಮೇಜಿನ ಹತ್ತಿರವೂ ಬರುವುದು ಬೇಡ.

ಇನ್ನೊಂದು ಜಾತಿ ಇದೆ, ಹೊಸದಿದ್ದಾಗ ಮೇಲೆ ಮೆತ್ತಗೆ ರಬ್ಬರ್‌ನಂತೆ ಇದ್ದು ಕೆಲವು ವರ್ಷದ ಮೇಲೆ ಕೈಗೆ ಅಂಟಲು ಶುರುವಾಗುವ ಮೌಸ್. ಆ ಮೇಲಿನ ಲೇಪ ಗಾಳಿಯ ತೇವಕ್ಕೂ ಕೈಯ ಬೆವರಿಗೂ ನಿಧಾನವಾಗಿ ಕೊಳೆಯುತ್ತದೆ, ಅದಕ್ಕೇ ಅಂಟು. ಅದರ ಮೇಲೇ ಪೇಂಟ್ ಹೊಡೆದರೆ ಖಂಡಿತ ನಿಲ್ಲುವುದಿಲ್ಲ. ಮೊಬೈಲ್ ರಿಪೇರಿಯವರು ಬಳಸುವ ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೊಹಾಲ್, ಬಟ್ಟೆಗೆ ಹಾಕಿಕೊಂಡು ಉಜ್ಜಿ ಉಜ್ಜಿ ಆ ಪದರವನ್ನು ಪೂರ್ತಿ ತೆಗೆಯಬೇಕು. ಕೈ ನೋಯುತ್ತದೆ, ಬಟ್ಟೆ ಕಪ್ಪಾಗುತ್ತದೆ, ಆದರೆ ಕೆಳಗಿನಿಂದ ಗಟ್ಟಿ ಪ್ಲಾಸ್ಟಿಕ್ ಬರುವವರೆಗೆ ಬಿಡಬೇಡಿ.

ಆರಿಸುವಾಗಲೇ ಒಂದು ಪರೀಕ್ಷೆ ಮಾಡಿ. ಎ4 ಹಾಳೆಯೊಂದನ್ನು ಮಡಚಿ ಎರಡು ಪದರ ಮಾಡಿ, ಎಡ ಬಲ ಬಟನ್‌ಗಳ ಸಂದಿಗೆ ತೂರಿಸಿ ನೋಡಿ. ಪ್ರೈಮರ್ (ಬಣ್ಣಕ್ಕೂ ಮೊದಲು ಹೊಡೆಯುವ ತಳಪದರ), ಬಣ್ಣ, ಕ್ಲಿಯರ್ (ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಪದರ) ಎಲ್ಲ ಸೇರಿದರೆ ಪದರದ ದಪ್ಪ ಸುಮಾರು 0.1 ಮಿಲಿಮೀಟರ್ ಆಗುತ್ತದೆ, ಒಂದು ಸಾಮಾನ್ಯ ಹಾಳೆಯ ದಪ್ಪವೂ ಹೆಚ್ಚುಕಡಿಮೆ ಅಷ್ಟೇ. ಸಂದಿಯ ಎರಡೂ ಕಡೆ ಪೇಂಟ್ ಕೂರುವುದರಿಂದ ಎರಡು ಹಾಳೆಯಷ್ಟು ಜಾಗ ಬೇಕು. ಮಡಚಿದ ಹಾಳೆ ಆರಾಮಾಗಿ ಹೋದರೆ ಚಿಂತೆಯಿಲ್ಲ. ಹೋಗದಿದ್ದರೆ ಆ ಅಂಚುಗಳನ್ನು ಮೊದಲೇ ಸ್ವಲ್ಪ ಉಜ್ಜಿ ಜಾಗ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಜೋಡಿಸಿದ ಮೇಲೆ ಬಟನ್ ಒತ್ತಿದ್ದು ಒತ್ತಿದಲ್ಲೇ ಸಿಕ್ಕಿಕೊಳ್ಳುತ್ತದೆ.

ಏನೇನು ಬೇಕು

ಸ್ಪ್ರೇ ಕ್ಯಾನ್ ಮೂರು: ಪ್ರೈಮರ್, ಬಣ್ಣ, ಕ್ಲಿಯರ್. 400 ಎಂಎಲ್ ಕ್ಯಾನ್‌ನಲ್ಲಿ ಒಂದಲ್ಲ, ಹಲವು ಮೌಸ್‌ಗೆ ಆಗುವಷ್ಟು ಪೇಂಟ್ ಇರುತ್ತದೆ, ಸ್ನೇಹಿತರ ಜೊತೆ ಸೇರಿ ತಂದರೆ ಖರ್ಚು ಹಂಚಿಹೋಗುತ್ತದೆ. ಬಾಸ್ನಿ, ಅಬ್ರೋ ಇಂಥ ಬ್ರ್ಯಾಂಡ್‌ಗಳು ಹಾರ್ಡ್‌ವೇರ್ ಅಂಗಡಿಗಳಲ್ಲೂ ಆನ್‌ಲೈನಲ್ಲೂ ಸಿಗುತ್ತವೆ. ಬೆಂಗಳೂರಿನವರು ಜೆಸಿ ರೋಡಿನ ಆಟೋಮೊಬೈಲ್ ಅಂಗಡಿಗಳಲ್ಲಿ ವಿಚಾರಿಸಬಹುದು, ಕಾರು ಬೈಕಿನ ಟಚ್‌ಅಪ್‌ಗೆ ಬರುವ ಬಣ್ಣಗಳು ಮೌಸ್‌ಗೂ ಚೆಂದ. ಚಿಕ್ಕ ಸ್ಕ್ರೂಡ್ರೈವರ್ ಸೆಟ್‌ಗೆ, ಪ್ರಯೋಗಕ್ಕೊಂದು ಹಳೇ ಮೌಸ್‌ಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡ್ ಇದ್ದೇ ಇದೆ. ಬೇರೆ ಊರಿನವರು ಟೂ ವೀಲರ್ ಗ್ಯಾರೇಜ್ ಪಕ್ಕದ ಪೇಂಟ್ ಅಂಗಡಿಗೆ ಹೋಗಿ.

ಕ್ಯಾನ್ ಕೊಳ್ಳುವಾಗ ಮೂರೂ ಒಂದೇ ಕಂಪನಿಯದ್ದು, ಒಂದೇ ಬಗೆಯದ್ದು ತೆಗೆದುಕೊಳ್ಳಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಎಣ್ಣೆ ಆಧಾರದ ಎನಾಮೆಲ್ ಬಣ್ಣದ ಮೇಲೆ ಲ್ಯಾಕರ್, ಅಂದರೆ ದ್ರಾವಕ ಆರಿ ಬೇಗ ಒಣಗುವ ಬಗೆಯ ಕ್ಲಿಯರ್ ಹೊಡೆದರೆ ಕೆಳಗಿನ ಬಣ್ಣ ಉಬ್ಬಿ ಸುಕ್ಕು ಸುಕ್ಕಾಗಿಬಿಡುತ್ತದೆ, ಕಣ್ಣೆದುರೇ ಒಂದೆರಡು ನಿಮಿಷದಲ್ಲಿ. ಅಕ್ರಿಲಿಕ್ ಅಂದರೆ ಮೂರೂ ಅಕ್ರಿಲಿಕ್. ಕ್ಯಾನ್‌ನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಅಂಗಡಿಯಲ್ಲೇ ನಿಂತು ಓದಿ.

ಉಳಿದದ್ದು ಸುಲಭ. ನೀರು ಹಾಕಿ ಉಜ್ಜುವ ಎಮರಿ ಪೇಪರ್ 400, 600, 800, 1000 ಮತ್ತು 2000 ನಂಬರಿನದ್ದು ಒಂದೊಂದು ಹಾಳೆ (ನಂಬರ್ ಹೆಚ್ಚಾದಷ್ಟೂ ಕಾಗದ ನುಣುಪು). ಒಳ್ಳೆಯ ಮಾಸ್ಕಿಂಗ್ ಟೇಪ್. ಪಾತ್ರೆ ತೊಳೆಯುವ ಲಿಕ್ವಿಡ್, ಹಳೇ ಹಲ್ಲುಜ್ಜುವ ಬ್ರಷ್, ಐಪಿಎ, ನೂಲು ಬಿಡದ ಮೈಕ್ರೋಫೈಬರ್ ಬಟ್ಟೆ. ನೈಟ್ರೈಲ್ ಗ್ಲೌಸ್. ಮತ್ತೆ ಆ ಮೌಸ್‌ಗೇ ಹೊಂದುವ ಹೊಸ ಪಾದಗಳು, ಅಂದರೆ ಕೆಳಗೆ ಅಂಟಿಸಿರುವ ನುಣುಪಾದ ತುಂಡುಗಳು, ಇವನ್ನು ಮೌಸ್ ಸ್ಕೇಟ್ಸ್ ಅಂತ ಹುಡುಕಿದರೆ ಸಿಗುತ್ತವೆ.

ಮಾಸ್ಕ್ ಬಗ್ಗೆ ಒಂದು ಮಾತು. ಎನ್‌95 ಮಾಸ್ಕ್ ಧೂಳನ್ನೂ ಪೇಂಟ್ ಹನಿಯನ್ನೂ ತಡೆಯುತ್ತದೆ, ದ್ರಾವಕದ ಆವಿಯನ್ನು ತಡೆಯುವುದಿಲ್ಲ. ಪೇಂಟ್ ವಾಸನೆ ಬರುತ್ತಿದೆ ಅಂದರೆ ಆವಿ ಒಳಗೆ ಹೋಗುತ್ತಿದೆ ಅಂತಲೇ ಅರ್ಥ. ಆವಿ ತಡೆಯುವ ಕಾರ್ಟ್ರಿಡ್ಜ್ ಇರುವ ರೆಸ್ಪಿರೇಟರ್ ಬೇಕು, ಇಂಥ ಕೆಲಸ ಪದೇ ಪದೇ ಮಾಡುವ ಆಸೆ ಇದ್ದರೆ ಮೊದಲು ಕೊಳ್ಳಬೇಕಾದ್ದೇ ಅದು. ಜೊತೆಗೆ ಬಯಲು ಜಾಗವೂ ಬೇಕು.

ಬಿಚ್ಚುವುದು

ವೈರ್ ಕಿತ್ತಿಡಿ, ಬ್ಯಾಟರಿ ಇದ್ದರೆ ತೆಗೆಯಿರಿ. ಸ್ಕ್ರೂಗಳು ಎಲ್ಲೂ ಕಾಣದಿದ್ದರೆ ಅವು ಪಾದಗಳ ಅಡಿಯಲ್ಲೋ ಸ್ಟಿಕ್ಕರ್ ಅಡಿಯಲ್ಲೋ ಇರುತ್ತವೆ. ಸ್ಟಿಕ್ಕರ್ ಮೇಲೆ ಬೆರಳು ಒತ್ತಿ ಸವರಿದರೆ ಕೆಳಗೆ ಗುಳಿ ಇರುವುದು ಗೊತ್ತಾಗುತ್ತದೆ. ಪಾದವನ್ನು ಹೇರ್ ಡ್ರೈಯರ್‌ನಲ್ಲಿ ಸ್ವಲ್ಪವೇ ಬೆಚ್ಚಗೆ ಮಾಡಿ, ತೆಳುವಾದ ಪ್ಲಾಸ್ಟಿಕ್ ಕಾರ್ಡ್‌ನಿಂದ ಎಬ್ಬಿಸಿ. ಎಬ್ಬಿಸಿದ ಪಾದ ಸೊಟ್ಟಗಾದರೆ ಮತ್ತೆ ಸರಿಯಾಗಿ ಜಾರುವುದಿಲ್ಲ, ಹೊಸದು ತರಿಸಿ ಅಂದಿದ್ದು ಅದಕ್ಕೇ.

ಸ್ಕ್ರೂ ಬಿಚ್ಚಿದ ತಕ್ಷಣ ಕವಚ ಎಳೆಯಬೇಡಿ. ಒಂದು ಕಡೆ ಚೂರೇ ಚೂರು ಎತ್ತಿ ಒಳಗೆ ನೋಡಿ. ಎಷ್ಟೋ ಮೌಸ್‌ಗಳಲ್ಲಿ ಮೇಲಿನ ಭಾಗಕ್ಕೂ ಕೆಳಗಿನ ಭಾಗಕ್ಕೂ ನಡುವೆ ಒಂದು ಚಪ್ಪಟೆ ಕೇಬಲ್ಲೋ ಸಣ್ಣ ವೈರೋ ಇರುತ್ತದೆ. ಅದು ಹರಿದರೆ ಸೈಡ್ ಬಟನ್ ಅಥವಾ ಲೈಟ್ ಸತ್ತಂತೆ. ಮೊದಲು ಅದರ ಕನೆಕ್ಟರ್ ಬಿಡಿಸಿ, ಆಮೇಲೆ ಕವಚ ತೆಗೆಯಿರಿ. ಒಂದೊಂದು ಹಂತಕ್ಕೂ ಮೊಬೈಲಲ್ಲಿ ಫೋಟೋ ತೆಗೆಯುತ್ತಾ ಹೋಗಿ. ಸ್ಕ್ರೂಗಳ ಉದ್ದ ಬೇರೆ ಬೇರೆ ಇರುವುದು ಮಾಮೂಲಿ, ಒಂದು ಕಾಗದದ ಮೇಲೆ ಮೌಸ್ ಚಿತ್ರ ಬರೆದು ಆಯಾ ಜಾಗಕ್ಕೆ ಸ್ಕ್ರೂ ಚುಚ್ಚಿಟ್ಟರೆ ಜೋಡಿಸುವಾಗ ತಲೆನೋವು ಇರುವುದಿಲ್ಲ.

ಸರ್ಕ್ಯೂಟ್ ಬೋರ್ಡ್, ಸ್ಕ್ರಾಲ್ ವೀಲ್, ಸೆನ್ಸರ್ ಮೇಲಿನ ಪಾರದರ್ಶಕ ಲೆನ್ಸ್, ಇವನ್ನೆಲ್ಲ ತೆಗೆದು ಮುಚ್ಚಳ ಇರುವ ಡಬ್ಬಿಗೆ ಹಾಕಿ. ಲೆನ್ಸ್‌ನ ಮಧ್ಯಭಾಗಕ್ಕೆ ಬೆರಳು ತಾಗಿಸಬೇಡಿ. ಬಣ್ಣ ಹೊಡೆಯುವ ಜಾಗದಲ್ಲಿ ಬರಿಯ ಪ್ಲಾಸ್ಟಿಕ್ ತುಂಡುಗಳು ಮಾತ್ರ ಇರಬೇಕು. ಮೌಸ್ ಬಿಚ್ಚದೆ ಟೇಪ್ ಸುತ್ತಿ ಪೇಂಟ್ ಹೊಡೆಯುವ ವಿಡಿಯೋಗಳು ಬೇಕಾದಷ್ಟಿವೆ, ನನಗಂತೂ ಅದು ಸರಿಯೆನಿಸುವುದಿಲ್ಲ. ಸಂದಿಯಲ್ಲಿ ಪೇಂಟ್ ಸೇತುವೆ ಕಟ್ಟಿಕೊಳ್ಳುತ್ತದೆ, ಮೊದಲ ಕ್ಲಿಕ್‌ಗೇ ಅಲ್ಲಿ ಬಿರುಕು ಬಿಡುತ್ತದೆ, ಸಿಪ್ಪೆ ಏಳುವುದು ಅಲ್ಲಿಂದಲೇ ಶುರು.

ತೊಳೆಯುವುದು, ಉಜ್ಜುವುದು

ಇಡೀ ಕೆಲಸದ ಜೀವ ಇಲ್ಲಿದೆ. ತುಂಡುಗಳನ್ನು ಉಗುರುಬೆಚ್ಚಗಿನ ನೀರಿಗೆ ಪಾತ್ರೆ ಲಿಕ್ವಿಡ್ ಹಾಕಿ ಬ್ರಷ್‌ನಲ್ಲಿ ತಿಕ್ಕಿ ತೊಳೆಯಿರಿ. ಮೂಲೆಗಳಲ್ಲಿ ವರ್ಷಗಳ ಜಿಡ್ಡು ಕೂತಿರುತ್ತದೆ. ಮೊದಲು ಜಿಡ್ಡು ತೆಗೆದು ಆಮೇಲೆ ಉಜ್ಜಬೇಕು, ಈ ಕ್ರಮ ಉಲ್ಟಾ ಆದರೆ ಎಮರಿ ಪೇಪರ್ ಆ ಜಿಡ್ಡನ್ನು ಗೀರುಗಳ ಒಳಗೇ ತುಂಬುತ್ತದೆ, ಆಮೇಲೆ ಎಷ್ಟು ಒರೆಸಿದರೂ ಬರುವುದಿಲ್ಲ.

ಉಜ್ಜುವುದು ಯಾಕೆ ಅಂದರೆ, ನುಣ್ಣನೆ ಪ್ಲಾಸ್ಟಿಕ್ ಮೇಲೆ ಪೇಂಟ್‌ಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಸಣ್ಣ ಸಣ್ಣ ಗೀರುಗಳು ಬೇಕು, ಕಣ್ಣಿಗೆ ಕಾಣದಷ್ಟು ಸಣ್ಣವು. ಕವಚದ ಮೇಲೆ ತರಿತರಿ ಇದ್ದರೆ, ಅಚ್ಚೊತ್ತಿದ ಲೋಗೋ ಇದ್ದರೆ, ಅಥವಾ ಹಳೇ ಗೀರು ಇದ್ದರೆ 400ರಿಂದ ಶುರು ಮಾಡಿ. ಮೊದಲೇ ನುಣ್ಣಗಿದ್ದರೆ ಸೀದಾ 600. ಕಾಗದವನ್ನು ನೀರಿನಲ್ಲಿ ಅದ್ದಿ, ಒಂದು ಹನಿ ಲಿಕ್ವಿಡ್ ಸೋಪ್ ಹಾಕಿಕೊಂಡು, ಸುತ್ತು ಸುತ್ತಾಗಿ ಹಗುರವಾಗಿ ಉಜ್ಜಿ. ನೀರು ಹಾಕಿ ಉಜ್ಜಿದರೆ ಧೂಳೂ ಏಳುವುದಿಲ್ಲ, ಕಾಗದವೂ ಬೇಗ ಕಟ್ಟಿಕೊಳ್ಳುವುದಿಲ್ಲ. ಆಮೇಲೆ 800ರಲ್ಲಿ ಒಂದು ಸುತ್ತು.

ಅಂಚುಗಳ ಹತ್ತಿರ ಕೈ ಹಗುರ ಇರಲಿ, ಜಾಸ್ತಿ ಒತ್ತಿದರೆ ಆಕಾರವೇ ಗುಂಡಗಾಗಿಬಿಡುತ್ತದೆ. ಹಾಗಂತ ಅಂಚನ್ನು ಬಿಟ್ಟುಬಿಡುವಂತೆಯೂ ಇಲ್ಲ, ಪೇಂಟ್ ಏಳುವುದು ಯಾವಾಗಲೂ ಅಂಚಿನಿಂದಲೇ ಅಲ್ವಾ. ಕಾಗದವನ್ನು ಚಿಕ್ಕದಾಗಿ ಮಡಚಿ, ಹೆಬ್ಬೆರಳು ಕೂರುವ ಬದಿಯ ಗುಳಿ, ವೀಲ್ ಬರುವ ಸೀಳು, ಬಟನ್ ಬದಿಗಳು, ಎಲ್ಲ ಕಡೆ ಉಜ್ಜಿ. ಮುಗಿಯಿತೋ ಇಲ್ಲವೋ ಅಂತ ನೋಡುವುದು ಸುಲಭ: ತೊಳೆದು ಒಣಗಿಸಿ ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಎಲ್ಲೂ ಹೊಳಪು ಕಾಣದೆ ಒಂದೇ ಸಮ ಮಬ್ಬಾಗಿದ್ದರೆ ಆಯಿತು. ಎಲ್ಲಿ ಮಿಂಚುತ್ತದೋ ಅಲ್ಲಿ ಇನ್ನೂ ಉಜ್ಜಬೇಕು.

ಮತ್ತೆ ತೊಳೆದು ಪೂರ್ತಿ ಒಣಗಲು ಬಿಡಿ. ಸ್ಕ್ರೂ ಕೂರುವ ಕೊಳವೆಗಳಲ್ಲಿ ನೀರು ನಿಂತಿರುತ್ತದೆ, ಪೇಂಟ್ ಹೊಡೆಯುವಾಗ ಸರಿಯಾಗಿ ಆಗಲೇ ಹೊರಗೆ ಬರುತ್ತದೆ, ಆದ್ದರಿಂದ ತಲೆಕೆಳಗಾಗಿ ಇಟ್ಟು ಒಣಗಿಸಿ. ಕೊನೆಗೆ ಗ್ಲೌಸ್ ಹಾಕಿಕೊಂಡು ಐಪಿಎಯಲ್ಲಿ ಒಂದು ಸಲ ಒರೆಸಿ. ಇಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟಬಾರದು. ಒಂದು ಬೆರಳಚ್ಚು ಸಾಕು, ಬಣ್ಣ ಅಲ್ಲಿ ಕಣ್ಣು ಬಿಟ್ಟ ಹಾಗೆ ದೂರ ಸರಿಯಲು.

ಟೇಪ್ ಎಲ್ಲಿ ಹಾಕಬೇಕು

ಒಳಭಾಗಕ್ಕೆ ಪೇಂಟ್ ಹೋಗಬಾರದು. ಮುಖ್ಯವಾಗಿ ಬಟನ್‌ನ ಅಡಿಯಲ್ಲಿ ಒಂದು ಪುಟ್ಟ ಮೊಳೆಯಂಥ ಉಬ್ಬು ಇರುತ್ತದೆ, ಅದೇ ಬೋರ್ಡ್ ಮೇಲಿನ ಸ್ವಿಚ್ ಒತ್ತುವುದು. ಅದರ ಮೇಲೆ ಪೇಂಟ್ ಕೂತರೆ ಕ್ಲಿಕ್‌ನ ಹದವೇ ಕೆಡುತ್ತದೆ. ಅದನ್ನು ಟೇಪ್‌ನಿಂದ ಮುಚ್ಚಿ. ಹಾಗೆಯೇ ಕವಚ ಕಚ್ಚಿ ಕೂರುವ ಕೊಂಡಿಗಳು, ಸ್ಕ್ರೂ ಕೊಳವೆಗಳು, ಬ್ಯಾಟರಿ ತಗಡುಗಳು, ಲೈಟ್ ಹಾಯುವ ಅರೆಪಾರದರ್ಶಕ ಲೋಗೋ, ಇವಕ್ಕೂ ಟೇಪ್. ಬಟನ್ ಬಾಗುವ ಕಡೆ, ಅಂದರೆ ಹಿಂದಿನ ಹಿಂಜ್‌ನಂಥ ಭಾಗದಲ್ಲಿ, ಪೇಂಟ್ ಆದಷ್ಟೂ ತೆಳುವಾಗಿರಲಿ, ಬಾಗುವ ಜಾಗದಲ್ಲಿ ದಪ್ಪ ಪೇಂಟ್ ಬಿರುಕು ಬಿಡದೇ ಇರದು.

ವೈರ್‌ಲೆಸ್ ಮೌಸ್ ಆದರೆ ಬೆಳ್ಳಿ, ಕ್ರೋಮ್ ಥರದ ಲೋಹದ ಪುಡಿ ಇರುವ ಬಣ್ಣವನ್ನು ದಪ್ಪವಾಗಿ ಹೊಡೆಯಬೇಡಿ, ಸಿಗ್ನಲ್‌ಗೆ ತೊಂದರೆ ಕೊಡಬಹುದು. ಸಾದಾ ಬಣ್ಣಗಳಿಗೆ ಈ ಚಿಂತೆ ಇಲ್ಲ.

ಜಾಗ, ಹವೆ

ಮಳೆ ಬರುತ್ತಿರುವ ದಿನ ಪೇಂಟ್ ಹೊಡೆಯಬೇಡಿ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಲ್ಯಾಕರ್ ಬೇಗ ಆರುವಾಗ ಅದರ ಮೈ ತಣ್ಣಗಾಗಿ ನೀರಿನ ಕಣ ಕೂತು ಹಾಲಿನಂತೆ ಬಿಳಿಚಿಕೊಳ್ಳುತ್ತದೆ. ಕರಾವಳಿಯವರಿಗೂ ಮಲೆನಾಡಿನವರಿಗೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ದೊಡ್ಡ ತಲೆನೋವು, ಆ ತಿಂಗಳುಗಳಲ್ಲಿ ಬಿಚ್ಚಿ ಉಜ್ಜಿ ಇಟ್ಟುಕೊಂಡು ಬಿಸಿಲು ಬಿದ್ದ ದಿನಕ್ಕೆ ಕಾಯುವುದೇ ವಾಸಿ. ಇನ್ನೊಂದು ತುದಿಯಲ್ಲಿ ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲು. ಆ ಸೆಕೆಗೆ ಪೇಂಟ್ ಹನಿ ಪ್ಲಾಸ್ಟಿಕ್ ಮುಟ್ಟುವ ಮೊದಲೇ ಅರ್ಧ ಒಣಗಿ ತರಿತರಿಯಾಗುತ್ತದೆ. ಅಲ್ಲಿಯವರು ಬೆಳಗ್ಗೆ ಬೇಗ, ನೆರಳಿನಲ್ಲಿ ಹೊಡೆಯಬೇಕು. ಕ್ಯಾನ್‌ಗಳನ್ನು ಬಿಸಿಲಿನಲ್ಲಿ ಅಥವಾ ನಿಂತ ಕಾರಿನಲ್ಲಿ ಬಿಡಬೇಡಿ, 50 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಸಿಡಿಯುವ ಅಪಾಯ ಇದೆ.

ತಾರಸಿ ಇದ್ದರೆ ಬಹಳ ಒಳ್ಳೆಯದು. ಬಾಲ್ಕನಿಯಾದರೆ ಕೆಳಗೆ ನಿಂತ ಕಾರು, ಪಕ್ಕದ ಮನೆಯವರು ಒಣಹಾಕಿದ ಬಟ್ಟೆ ನೋಡಿಕೊಳ್ಳಿ, ಪೇಂಟ್ ಮಂಜು ನಾವು ಅಂದುಕೊಂಡಿದ್ದಕ್ಕಿಂತ ದೂರ ಹೋಗುತ್ತದೆ. ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಅಡ್ಡ ಮಲಗಿಸಿ ಒಳಗೆ ಹೊಡೆದರೆ ಗಾಳಿಯೂ ಧೂಳೂ ಕಡಿಮೆ. ಪೆಟ್ಟಿಗೆಯ ಒಳಮೈಗೆ ಸ್ವಲ್ಪ ನೀರು ಚಿಮುಕಿಸಿದರೆ ಧೂಳು ಅಲ್ಲೇ ಕೂರುತ್ತದೆ. ಕ್ಯಾನ್‌ನಿಂದ ಪೇಂಟನ್ನು ತಳ್ಳುವ ಗ್ಯಾಸ್ ಬೆಂಕಿ ಹಿಡಿಯುವಂಥದ್ದು. ಗ್ಯಾಸ್ ಒಲೆ, ದೇವರ ದೀಪ, ಊದಬತ್ತಿ, ಸಿಗರೇಟು ಯಾವುದೂ ಹತ್ತಿರದಲ್ಲಿ ಉರಿಯುತ್ತಿರಬಾರದು. ಮಕ್ಕಳನ್ನು, ನಾಯಿ ಬೆಕ್ಕುಗಳನ್ನು ದೂರ ಇಡಿ.

ತುಂಡುಗಳನ್ನು ಹಿಡಿದುಕೊಳ್ಳಲು ಬಿದಿರು ಕಡ್ಡಿಗೆ ಡಬಲ್ ಸೈಡ್ ಟೇಪ್ ಹಾಕಿ ಒಳಗಿನಿಂದ ಅಂಟಿಸಿ. ಕಡ್ಡಿ ನಿಲ್ಲಿಸಲು ಥರ್ಮಾಕೋಲ್ ಬಳಸಬೇಡಿ, ಸ್ಪ್ರೇ ಪೇಂಟ್ ತಾಗಿದರೆ ಥರ್ಮಾಕೋಲ್ ಕರಗಿ ಕಡ್ಡಿ ವಾಲಿಬಿಡುತ್ತದೆ. ಮರಳು ತುಂಬಿದ ಡಬ್ಬಿ ಸಾಕು.

ಪ್ರೈಮರ್

ಪ್ಲಾಸ್ಟಿಕ್‌ಗೆ ಅಂತಲೇ ಬರೆದಿರುವ ಪ್ರೈಮರ್ ಇರಲಿ. ಕ್ಯಾನನ್ನು ಒಳಗಿನ ಗುಂಡು ಶಬ್ದ ಮಾಡಲು ಶುರುವಾದ ಮೇಲೂ ಎರಡು ಮೂರು ನಿಮಿಷ ಅಲ್ಲಾಡಿಸಿ. ಸುಮ್ನೆ ನಾಲ್ಕು ಸಲ ಕುಲುಕಿದರೆ ಸಾಲದು, ತಳದಲ್ಲಿ ಕೂತ ಬಣ್ಣ ಬೆರೆಯಬೇಕು. ಮೊದಲು ರಟ್ಟಿನ ಮೇಲೆ ಹೊಡೆದು ನೋಡಿ.

ದೂರ 20ರಿಂದ 25 ಸೆಂಟಿಮೀಟರ್. ತುಂಡಿನ ಹೊರಗೆ ಕ್ಯಾನ್‌ನ ಬಟನ್ ಒತ್ತಿ, ಒಂದೇ ವೇಗದಲ್ಲಿ ತುಂಡಿನ ಮೇಲಿಂದ ಸಾಗಿ, ಆಚೆ ದಾಟಿದ ಮೇಲೆ ಬಟನ್ ಬಿಡಿ. ತುಂಡಿನ ಮೇಲೆಯೇ ಶುರು ಮಾಡಿದರೆ ಅಥವಾ ನಿಲ್ಲಿಸಿದರೆ ಅಲ್ಲಿ ದಪ್ಪ ಹನಿ ಬೀಳುತ್ತದೆ. ಮಣಿಕಟ್ಟು ತಿರುಗಿಸಬೇಡಿ, ಇಡೀ ತೋಳು ಸಾಗಲಿ. ಮೊದಲ ಕೋಟ್‌ನಲ್ಲಿ ಪ್ಲಾಸ್ಟಿಕ್ ಇನ್ನೂ ಅಲ್ಲಲ್ಲಿ ಕಾಣುತ್ತಿರಬೇಕು. ಇದನ್ನು ನೋಡಿ ಬಹಳ ಜನಕ್ಕೆ ತಡೆಯಲು ಆಗುವುದಿಲ್ಲ, ಇನ್ನೊಂದು ಸಲ, ಇನ್ನೊಂದು ಸಲ ಅಂತ ಅಲ್ಲೇ ಹೊಡೆಯುತ್ತಾರೆ, ಪೇಂಟ್ ಸೋರಿ ಇಳಿಯುವುದು ಆಗಲೇ. ಕೈ ಕಟ್ಟಿ ಕೂರಿ. 10ರಿಂದ 15 ನಿಮಿಷ ಬಿಟ್ಟು ಎರಡನೇ ಕೋಟ್, ಬೇಕಾದರೆ ಮೂರನೆಯದು.

ಒಂದು ದಿನ ಒಣಗಿದ ಮೇಲೆ 800 ಅಥವಾ 1000 ನಂಬರಿನ ಕಾಗದದಲ್ಲಿ ನೀರು ಹಾಕಿ ಹಗುರವಾಗಿ ಸವರಿ. ಪ್ರೈಮರ್ ಹೊಡೆದ ಮೇಲೆಯೇ ಹಳೇ ಗೀರುಗಳು ಚೆನ್ನಾಗಿ ಕಾಣುವುದು. ಕಂಡರೆ ಈಗಲೇ ಉಜ್ಜಿ ಮತ್ತೊಂದು ಕೋಟ್ ಪ್ರೈಮರ್ ಕೊಡಿ. ಬಣ್ಣ ಬಂದ ಮೇಲೆ ಮುಚ್ಚಿಹೋಗುತ್ತದೆ ಅನ್ನುವ ನಂಬಿಕೆ ತಪ್ಪು, ಬಣ್ಣ ಗೀರನ್ನು ಮುಚ್ಚುವುದಿಲ್ಲ, ಇನ್ನೂ ಎದ್ದು ತೋರಿಸುತ್ತದೆ, ಅದರಲ್ಲೂ ಹೊಳಪಿನ ಬಣ್ಣ. ಎಲ್ಲಾದರೂ ಉಜ್ಜಿ ಪ್ಲಾಸ್ಟಿಕ್ ಕಂಡರೆ ಅಲ್ಲಿಗೂ ಪ್ರೈಮರ್ ಬೇಕು.

ಬಣ್ಣ

ವಿಧಾನ ಅದೇ. ತೆಳು ಕೋಟ್ ಮೂರೋ ನಾಲ್ಕೋ, ಪ್ರತಿ ಸಲ ತುಂಡನ್ನು ಸ್ವಲ್ಪ ತಿರುಗಿಸಿ ಬೇರೆ ದಿಕ್ಕಿನಿಂದ. ಅಂಚುಗಳನ್ನು ಮೊದಲು ಮುಗಿಸಿ ಆಮೇಲೆ ಮೇಲ್ಮೈಗೆ ಬಂದರೆ ಎಲ್ಲ ಕಡೆ ಸಮನಾಗಿ ಕೂರುತ್ತದೆ. ಮೌಸ್‌ನ ಎಲ್ಲ ತುಂಡುಗಳಿಗೂ ಒಂದೇ ಹೊತ್ತಿಗೆ, ಒಂದೇ ಕ್ಯಾನ್‌ನಿಂದ ಹೊಡೆಯಿರಿ, ಇಲ್ಲದಿದ್ದರೆ ಬಟನ್ ಒಂದು ಛಾಯೆ, ಬೆನ್ನು ಇನ್ನೊಂದು ಛಾಯೆ ಆಗಬಹುದು.

ಹಳದಿ, ಕೆಂಪು, ಕಿತ್ತಳೆ ಇವು ಕೆಳಗಿನದನ್ನು ಬೇಗ ಮುಚ್ಚುವ ಬಣ್ಣಗಳಲ್ಲ. ಕಪ್ಪು ಮೌಸ್ ಮೇಲೆ ಇವನ್ನು ಹೊಡೆಯಬೇಕಾದರೆ ಮೊದಲು ಬಿಳಿ ಕೋಟ್ ಹಾಕಿ. ಇಲ್ಲದಿದ್ದರೆ ಎಷ್ಟು ಹೊಡೆದರೂ ಮಂಕು, ದಪ್ಪ ಮಾತ್ರ ಏರುತ್ತದೆ.

ಕ್ಯಾನ್ ಮೇಲೆ ಎರಡನೇ ಕೋಟ್ ಯಾವಾಗ ಅಂತ ಬರೆದಿರುತ್ತಾರೆ. ಸಾಮಾನ್ಯವಾಗಿ ಒಂದು ಗಂಟೆಯ ಒಳಗೆ, ಅಥವಾ ಒಂದೆರಡು ದಿನ ಬಿಟ್ಟು. ಈ ನಡುವಿನ ಸಮಯದಲ್ಲಿ ಹೊಡೆದರೆ ಅರೆ ಒಣಗಿದ ಕೆಳ ಪದರಕ್ಕೆ ಹೊಸ ದ್ರಾವಕ ನುಗ್ಗಿ ಸುಕ್ಕೇಳುತ್ತದೆ. ಆ ಸಾಲನ್ನು ಸುಮ್ನೆ ಬರೆದಿಲ್ಲ, ಪಾಲಿಸಿ.

ಧೂಳಿನ ಕಣ ಕೂತಿದ್ದು ಕಂಡರೆ ಹಸಿ ಇರುವಾಗ ಬೆರಳಿನಿಂದ ತೆಗೆಯಲು ಹೋಗಬೇಡಿ. ಪೂರ್ತಿ ಒಣಗಿದ ಮೇಲೆ 1000ರಲ್ಲಿ ಸವರಿ, ಮೇಲೊಂದು ತೆಳು ಕೋಟ್. ಸೋರಿ ಇಳಿದ ಹನಿಗೂ ಇದೇ ಮದ್ದು. ಕಿತ್ತಳೆ ಸಿಪ್ಪೆಯ ಹಾಗೆ ಉಬ್ಬು ತಗ್ಗು ಕಂಡರೆ ನೀವು ಬಹಳ ದೂರದಿಂದ ಹೊಡೆಯುತ್ತಿದ್ದೀರಿ ಅಥವಾ ಸೆಕೆ ಜಾಸ್ತಿ ಇದೆ. ಮೆಟಾಲಿಕ್ ಬಣ್ಣವನ್ನು ಮಾತ್ರ ಹೀಗೆ ಸವರಿ ಬಿಡಬಾರದು, ಮಿನುಗುವ ಪುಡಿಯ ಜೋಡಣೆ ಕದಡಿ ಕಲೆಯಾಗುತ್ತದೆ, ಸವರಿದರೆ ಮತ್ತೆ ಬಣ್ಣದ ಕೋಟ್ ಕೊಡಲೇಬೇಕು.

ಗೆರೆ, ಅಕ್ಷರ, ಚಿತ್ರ

ಎರಡು ಬಣ್ಣ ಬೇಕಿದ್ದರೆ ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ಮೊದಲ ಬಣ್ಣ ಒಂದೆರಡು ದಿನ ಗಟ್ಟಿಯಾದ ಮೇಲಷ್ಟೇ ಟೇಪ್ ಹಚ್ಚಿ. ಟೇಪ್‌ನ ಅಂಚಿನ ಕೆಳಗೆ ಬಣ್ಣ ನುಸುಳಿ ಗೆರೆ ಹಲ್ಲು ಹಲ್ಲಾಗುವುದನ್ನು ತಪ್ಪಿಸಲು ಒಂದು ಉಪಾಯ ಇದೆ: ಟೇಪ್ ಹಚ್ಚಿದ ಮೇಲೆ ಮೊದಲು ಒಂದು ತೆಳು ಕ್ಲಿಯರ್ ಕೋಟ್ ಹೊಡೆಯಿರಿ. ನುಸುಳುವುದಿದ್ದರೆ ಬಣ್ಣವಿಲ್ಲದ ಕ್ಲಿಯರ್ ನುಸುಳಿ ಆ ಸಂದಿ ಮುಚ್ಚುತ್ತದೆ. ಅದರ ಮೇಲೆ ಎರಡನೇ ಬಣ್ಣ. ಕೊನೆಯ ಕೋಟ್ ಇನ್ನೂ ಸ್ವಲ್ಪ ಮೆತ್ತಗಿರುವಾಗಲೇ ಟೇಪನ್ನು ಹಿಂದಕ್ಕೆ ಮಡಚಿದಂತೆ ನಿಧಾನವಾಗಿ ಎಳೆಯಿರಿ, ಗೆರೆ ಚೂಪಾಗಿ ಬರುತ್ತದೆ.

ಸೈನ್ ಬೋರ್ಡ್ ಮಾಡುವ ಅಂಗಡಿಯಲ್ಲಿ ವಿನೈಲ್ ಕಟಿಂಗ್ ಮೆಷಿನ್ ಇರುತ್ತದೆ. ಅವರ ಹತ್ತಿರ ನಿಮ್ಮ ಹೆಸರಿನ ಮೊದಲ ಅಕ್ಷರವನ್ನೋ ಚಿಕ್ಕ ಚಿತ್ರವನ್ನೋ ಸ್ಟೆನ್ಸಿಲ್ ಆಗಿ ಕತ್ತರಿಸಿಕೊಡಿ ಅಂತ ಕೇಳಿ. ಕನ್ನಡದ ಗುಂಡಗಿನ ಅಕ್ಷರಗಳು, ‘ಅ’, ‘ಕ’, ‘ಠ’ ಇಂಥವು, ಮೌಸ್‌ನ ಉಬ್ಬಿದ ಬೆನ್ನಿನ ಮೇಲೆ ಎಷ್ಟು ಚೆಂದ ಕೂರುತ್ತವೆ ಅಂದರೆ ಒಮ್ಮೆ ಮಾಡಿ ನೋಡಿ. ಒತ್ತು, ದೀರ್ಘ ಇರುವ ಸಣ್ಣ ಪದಗಳಿಗಿಂತ ದೊಡ್ಡ ಒಂಟಿ ಅಕ್ಷರ ಒಳ್ಳೆಯದು, ತೆಳು ತುಂಡುಗಳು ಕಿತ್ತು ಬರುವ ಭಯ ಇರುವುದಿಲ್ಲ. ಬೆರಳು ಉಜ್ಜದ ಜಾಗ, ಅಂದರೆ ಅಂಗೈ ಮತ್ತು ಬಟನ್ ನಡುವಿನ ಭಾಗ, ಇದಕ್ಕೆ ಸರಿ.

ಕ್ಲಿಯರ್ ಕೋಟ್

ಕೈ ಮುಟ್ಟುವುದು ಬಣ್ಣವನ್ನಲ್ಲ, ಇದನ್ನು. ಹಾಗಾಗಿ ಇದರಲ್ಲಿ ಜಿಪುಣತನ ಬೇಡ. ತೆಳುವಾಗಿ ಮೂರು ಕೋಟ್, ಹೆಬ್ಬೆರಳು ಮತ್ತು ಎರಡು ಬೆರಳು ಕೂರುವ ಕಡೆ ಇನ್ನೊಂದು.

ಮ್ಯಾಟ್ (ಹೊಳಪಿಲ್ಲದ್ದು), ಸ್ಯಾಟಿನ್ (ಅರೆ ಹೊಳಪಿನದ್ದು), ಗ್ಲಾಸಿ (ಪೂರ್ತಿ ಹೊಳಪಿನದ್ದು) ಅಂತ ಮೂರು ಬಗೆ. ಮ್ಯಾಟ್ ನೋಡಲು ಬಹಳ ಚೆಂದ, ಆದರೆ ಬೆರಳು ಉಜ್ಜಿ ಉಜ್ಜಿ ಕೆಲವು ತಿಂಗಳಲ್ಲಿ ಅಲ್ಲಲ್ಲಿ ಹೊಳಪು ಬಂದು ತೇಪೆ ಹಾಕಿದಂತೆ ಕಾಣುತ್ತದೆ. ಗ್ಲಾಸಿಯಲ್ಲಿ ಬೆರಳಚ್ಚು ಕಾಣುತ್ತದೆ, ಬೆವರಿದ ಕೈಗೆ ಜಾರುತ್ತದೆ ಅಥವಾ ಅಂಟಿದಂತಾಗುತ್ತದೆ. ದಿನಾ ಬಳಸುವ ಮೌಸ್‌ಗೆ ನನ್ನ ಆಯ್ಕೆ ಸ್ಯಾಟಿನ್. ಕನ್ನಡಿಯಂತೆ ಹೊಳೆಯಲೇಬೇಕು ಅನ್ನುವವರು ಗ್ಲಾಸಿ ಹೊಡೆದು, ಪೂರ್ತಿ ಗಟ್ಟಿಯಾದ ಮೇಲೆ 2000 ಕಾಗದದಲ್ಲಿ ನೀರು ಹಾಕಿ ಸವರಿ, ಕಾರಿನ ರಬ್ಬಿಂಗ್ ಕಾಂಪೌಂಡ್‌ನಿಂದ ಪಾಲಿಶ್ ಮಾಡಬಹುದು.

ಕಾರಿಗೆ ಬಳಸುವ ಟೂ-ಕೆ ಕ್ಲಿಯರ್ ಕೂಡ ಕ್ಯಾನ್‌ನಲ್ಲಿ ಸಿಗುತ್ತದೆ. ಒಳಗೇ ಹಾರ್ಡನರ್, ಅಂದರೆ ಪೇಂಟನ್ನು ಗಟ್ಟಿ ಮಾಡುವ ರಾಸಾಯನಿಕ ಇರುತ್ತದೆ, ತಳದ ಗುಂಡಿ ಒತ್ತಿದರೆ ಎರಡೂ ಬೆರೆಯುತ್ತವೆ, ಒಂದೆರಡು ದಿನದಲ್ಲಿ ಕ್ಯಾನ್ ಒಳಗೇ ಗಟ್ಟಿಯಾಗಿಬಿಡುತ್ತದೆ. ಬಾಳಿಕೆಯಲ್ಲಿ ಸಾಮಾನ್ಯ ಕ್ಲಿಯರ್ ಇದರ ಹತ್ತಿರವೂ ಬರುವುದಿಲ್ಲ, ಬೆವರಿಗೆ ಆಲ್ಕೊಹಾಲಿಗೆ ಜಗ್ಗುವುದಿಲ್ಲ. ಆದರೆ ಆ ಹಾರ್ಡನರ್‌ನಲ್ಲಿ ಐಸೊಸೈನೇಟ್ ಇರುತ್ತದೆ, ಉಸಿರಿನಲ್ಲಿ ಹೋದರೆ ಜೀವನಪೂರ್ತಿ ಕಾಡುವ ಆಸ್ತಮಾ ಬರಬಹುದು. ಮನೆಯಲ್ಲಿ, ಬಾಲ್ಕನಿಯಲ್ಲಿ ಇದನ್ನು ಹೊಡೆಯಲೇಬೇಡಿ. ಇದು ಬೇಕೇ ಬೇಕು ಅಂದರೆ ಬಣ್ಣದವರೆಗೆ ನೀವು ಮಾಡಿ, ಸ್ಪ್ರೇ ಬೂತ್ ಇರುವ ಕಾರ್ ಪೇಂಟಿಂಗ್ ಗ್ಯಾರೇಜಿಗೆ ತುಂಡುಗಳನ್ನು ಕೊಟ್ಟು ಕ್ಲಿಯರ್ ಹೊಡೆಸಿ. ಹೇಗೂ ಕಾರಿನ ಭಾಗಕ್ಕೆ ಹೊಡೆಯುವಾಗ ಪಕ್ಕದಲ್ಲಿಟ್ಟು ಹೊಡೆದುಕೊಡುತ್ತಾರೆ. ನಿಮ್ಮ ಬಣ್ಣ ಯಾವ ಬಗೆಯದ್ದು ಅಂತ ಅವರಿಗೆ ಮೊದಲೇ ಹೇಳಿ.

ಕಾಯುವುದು

ಮುಟ್ಟಿದರೆ ಅಂಟುವುದಿಲ್ಲ ಅಂದರೆ ಒಣಗಿದೆ ಅಂತ ಅರ್ಥ, ಗಟ್ಟಿಯಾಗಿದೆ ಅಂತಲ್ಲ. ಮೇಲ್ಪದರ ಅರ್ಧ ಗಂಟೆಯಲ್ಲಿ ಒಣಗುತ್ತದೆ, ಒಳಗಿನ ದ್ರಾವಕ ಹೊರಬರಲು ದಿನಗಳೇ ಬೇಕು. ಅಕ್ರಿಲಿಕ್‌ಗೆ ಕಡಿಮೆ ಅಂದರೂ ಒಂದು ವಾರ, ಎನಾಮೆಲ್‌ಗೆ ಎರಡು ಮೂರು ವಾರ. ಅಷ್ಟರೊಳಗೆ ಜೋಡಿಸಿ ಆಟಕ್ಕೆ ಕೂತರೆ ಬೆರಳಿನ ಬಿಸಿಗೇ ಪೇಂಟ್ ಮೆತ್ತಗಾಗಿ ಬೆರಳಚ್ಚು ಶಾಶ್ವತವಾಗಿ ಮೂಡುತ್ತದೆ.

ಪರೀಕ್ಷೆಗೆ ಮೂಗೇ ಸಾಕು. ತುಂಡನ್ನು ಹತ್ತಿರ ಹಿಡಿದು ಮೂಸಿ, ಪೇಂಟ್ ವಾಸನೆ ಬಂದರೆ ಇನ್ನೂ ಆಗಿಲ್ಲ. ವಾಸನೆ ಪೂರ್ತಿ ಹೋದ ಮೇಲೆ ಒಳಗಡೆ ಕಾಣದ ಅಂಚಿನಲ್ಲಿ ಉಗುರು ಒತ್ತಿ ನೋಡಿ, ಗುರುತು ಬೀಳದಿದ್ದರೆ ತಯಾರು. ಬೇಗ ಆಗಲಿ ಅಂತ ಓವನ್‌ಗೆ ಇಡುವುದು, ಡ್ರೈಯರ್‌ನ ಬಿಸಿ ಗಾಳಿ ಬಿಡುವುದು ಬೇಡ. ಎಬಿಎಸ್ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ, ತೆಳು ಕವಚ ಅದಕ್ಕೂ ಮುಂಚೆಯೇ ಸೊಟ್ಟಗಾಗಬಹುದು, ಸೊಟ್ಟಗಾದ ಕವಚ ಬೋರ್ಡ್ ಮೇಲೆ ಕೂರುವುದಿಲ್ಲ. ಫ್ಯಾನ್ ಇಲ್ಲದ, ಧೂಳು ಬರದ ಬೀರುವಿನ ಮೇಲೆ ಇಟ್ಟು ಮರೆತುಬಿಡಿ. ಅಷ್ಟರವರೆಗೆ ಬೇರೆ ಮೌಸ್ ಇರಲಿ.

ಜೋಡಿಸುವುದು

ಟೇಪ್‌ಗಳನ್ನು ತೆಗೆದು, ಅಂಚಿನಲ್ಲಿ ಪೇಂಟ್ ದಪ್ಪ ಕಟ್ಟಿದ್ದರೆ ಬ್ಲೇಡ್‌ನಿಂದ ಹಗುರವಾಗಿ ಕೆತ್ತಿ. ಫೋಟೋ ನೋಡಿಕೊಂಡು ಬೋರ್ಡ್, ಲೆನ್ಸ್, ವೀಲ್ ಕೂರಿಸಿ, ಕೇಬಲ್ ಸಿಕ್ಕಿಸಿ. ಬೋರ್ಡ್ ಮುಟ್ಟುವ ಮೊದಲು ನಲ್ಲಿಯಂಥ ಲೋಹದ ವಸ್ತು ಮುಟ್ಟಿ ಮೈಯ ಸ್ಥಿರ ವಿದ್ಯುತ್ ಕಳೆದುಕೊಳ್ಳಿ. ಸ್ಕ್ರೂ ಹಾಕುವಾಗ ಮೊದಲು ಹಿಂದಕ್ಕೆ ತಿರುಗಿಸಿ, ಹಳೇ ಪಟ್ಟಿಗೆ (ಸ್ಕ್ರೂ ಕೊರೆದ ಸುತ್ತುಗೆರೆಗೆ) ಕೂತ ಟಕ್ ಅನ್ನುವ ಅನುಭವ ಬಂದ ಮೇಲೆ ಮುಂದಕ್ಕೆ ಬಿಗಿ ಮಾಡಿ, ಇಲ್ಲದಿದ್ದರೆ ಪ್ಲಾಸ್ಟಿಕ್‌ನಲ್ಲಿ ಹೊಸ ಪಟ್ಟಿ ಕೊರೆದು ಸಡಿಲವಾಗುತ್ತದೆ.

ಪಾದ ಅಂಟಿಸುವ ಮೊದಲು ಕಂಪ್ಯೂಟರ್‌ಗೆ ಹಾಕಿ ಎಲ್ಲ ಬಟನ್ ಒತ್ತಿ ನೋಡಿ. ಯಾವುದಾದರೂ ತಡೆಯುತ್ತಿದ್ದರೆ ಮತ್ತೆ ಬಿಚ್ಚಿ ಆ ಅಂಚಿಗೆ 1000 ಕಾಗದ ತಾಗಿಸಿದರೆ ಸರಿಹೋಗುತ್ತದೆ. ಎಲ್ಲ ಸರಿ ಇದ್ದರೆ ಕೆಳಭಾಗವನ್ನು ಒರೆಸಿ ಹೊಸ ಪಾದ ಅಂಟಿಸಿ.

ಬಳಸುವಾಗ ಒಂದೇ ಎಚ್ಚರ, ಸ್ಯಾನಿಟೈಸರ್. ಕೈಗೆ ಹಚ್ಚಿಕೊಂಡು ಅದು ಆರುವ ಮೊದಲೇ ಮೌಸ್ ಹಿಡಿದರೆ ಆಲ್ಕೊಹಾಲ್ ಸಾಮಾನ್ಯ ಅಕ್ರಿಲಿಕ್ ಕ್ಲಿಯರನ್ನು ನಿಧಾನವಾಗಿ ಮೆತ್ತಗೆ ಮಾಡುತ್ತದೆ. ಒರೆಸಲು ಒದ್ದೆ ಬಟ್ಟೆ ಸಾಕು. ಕ್ಯಾನ್‌ಗಳಲ್ಲಿ ಉಳಿದ ಪೇಂಟ್ ಎಸೆಯಬೇಡಿ, ಕ್ಯಾನ್ ತಲೆಕೆಳಗೆ ಮಾಡಿ ಬರೀ ಗ್ಯಾಸ್ ಬರುವವರೆಗೆ ಒತ್ತಿದರೆ ನಳಿಗೆ ಕಟ್ಟುವುದಿಲ್ಲ. ಎಲ್ಲಾದರೂ ಸಣ್ಣ ಚಕ್ಕೆ ಎದ್ದರೆ ಅದೇ ಪೇಂಟನ್ನು ಮುಚ್ಚಳಕ್ಕೆ ಸ್ವಲ್ಪ ಹೊಡೆದುಕೊಂಡು, ಹಲ್ಲುಕಡ್ಡಿಯ ತುದಿಯಲ್ಲಿ ಚುಕ್ಕಿ ಇಟ್ಟಂತೆ ತುಂಬಿ, ಮಾರನೇ ದಿನ ಮೇಲೊಂದು ಚುಕ್ಕಿ ಕ್ಲಿಯರ್ ಇಡಿ.